ಗೆದ್ದವರ ಫೋಟೋ ಬೇರೆಯವರು ತೆಗೀತಾರೆ ಬಿಡಿ

ಗೋಲ್ ಬಿದ್ದ ಕ್ಷಣದ ಫೋಟೋ ತೆಗೆಯೋ ಆಸೆ ಬಿಟ್ಟುಬಿಡಿ. ತಮಾಷೆಗೆ ಹೇಳ್ತಿಲ್ಲ. ಮೈದಾನದಲ್ಲಿ ಒಂದು ಪಂದ್ಯ, ಇಲ್ಲಾ ಬೆಳಗ್ಗೆ ಬೆಳಗ್ಗೆ ಒಂದು ರಸ್ತೆ ಓಟ, ಒಂದು ಸೈಕಲ್ ರೇಸು. ಪತ್ರಿಕೆಯವರ ಪಾಸಿಲ್ಲ, ಜಾಕೆಟ್ ಇಲ್ಲ, ಸುಮ್ಮನೆ ನೋಡೋಕೆ ಹೋಗಿರ್ತೀವಿ. ಜೇಬಲ್ಲಿ ಫೋನ್ ಇರತ್ತೆ, ಕೆಲವರ ಹೆಗಲಲ್ಲಿ ಪುಟ್ಟ ಕ್ಯಾಮೆರಾ. ಆಟ ಶುರುವಾಗಿದ್ದೇ ತಡ, ನಮ್ಮೊಳಗೊಬ್ಬ ಪತ್ರಿಕಾ ಛಾಯಾಗ್ರಾಹಕ ಎದ್ದು ಕೂತ್ಕೋತಾನೆ. ಕೊನೆಗೆ ಏನಾಗತ್ತೆ? ಪಂದ್ಯವೂ ಸರಿಯಾಗಿ ನೋಡಿರಲ್ಲ, ಫೋಟೋನೂ ಬಂದಿರಲ್ಲ. ಹಸಿರು ಹುಲ್ಲಿನ ಮೇಲೆ ನಾಲ್ಕು ಚುಕ್ಕಿ.

ಆ ಚುಕ್ಕಿ ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ಲೆನ್ಸಿನ ಮಿಲಿಮೀಟರ್ ಜಾಸ್ತಿಯಾದಷ್ಟೂ ದೂರದ್ದು ದೊಡ್ಡದಾಗಿ ಕಾಣತ್ತೆ. ಫೋನಿನ ಮುಖ್ಯ ಲೆನ್ಸ್ ಹೆಚ್ಚುಕಮ್ಮಿ 26 ಮಿಲಿಮೀಟರ್ ಲೆನ್ಸಿಗೆ ಸಮ. ನಿಮ್ಮಿಂದ 50 ಮೀಟರ್ ದೂರದಲ್ಲಿ ಓಡ್ತಿರೋ ಆಟಗಾರ ಅದರಲ್ಲಿ ಚಿತ್ರದ ಎತ್ತರದ ಇಪ್ಪತ್ತೈದರಲ್ಲಿ ಒಂದು ಭಾಗವೂ ಇರಲ್ಲ. ಗೆರೆ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತಿರೋ ವೃತ್ತಿಯವನ ಹತ್ರ 400 ಮಿಲಿಮೀಟರ್ ಲೆನ್ಸ್ ಇದೆ. ಅದೇ ಆಟಗಾರ ಅವನ ಚಿತ್ರದ ಅರ್ಧಕ್ಕಿಂತ ಹೆಚ್ಚು ಎತ್ತರ ತುಂಬ್ತಾನೆ. ಎರಡು ಬೆರಳಿಟ್ಟು ಎಳೆದು ಜೂಮ್ ಮಾಡ್ತೀರಲ್ಲ, ಫೋನಲ್ಲಿ ದೂರದ ಲೆನ್ಸ್ ಬೇರೆ ಇಲ್ಲದಿದ್ರೆ ಅದು ಬರೀ ಕತ್ತರಿಸೋ ಕೆಲಸ. ಇರೋದನ್ನೇ ಹಿಗ್ಗಿಸಿ ತೋರಿಸತ್ತೆ, ಹೊಸದಾಗಿ ಏನೂ ಸೇರಿಸಲ್ಲ.

ಹಾಗಾದ್ರೆ ದೊಡ್ಡ ಲೆನ್ಸ್ ಕೊಳ್ಳಬೇಕಾ? ನನ್ನ ಪ್ರಕಾರ ಬೇಡ. ಬೇರೆ ಫೋಟೋ ತೆಗೀರಿ. ನಮಗಿರೋ ಒಂದು ಅನುಕೂಲ ಆ ಸ್ಟೂಲ್ ಮೇಲೆ ಕೂತವನಿಗಿಲ್ಲ. ಅವನಿಗೆ ಸಂಪಾದಕರ ಫೋನ್ ಬರತ್ತೆ, ಗೆದ್ದವರ ಮುಖ ಕಳಿಸಲೇಬೇಕು. ನಮ್ಮನ್ನ ಕೇಳೋರು ಯಾರೂ ಇಲ್ಲ.

ಒಂದು ಕಥೆ ಹೇಳ್ತೀನಿ. 1958ರ ಡಿಸೆಂಬರ್ 28, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ, ಅಮೆರಿಕನ್ ಫುಟ್‌ಬಾಲ್ ಚಾಂಪಿಯನ್‌ಶಿಪ್ಪಿನ ಅಂತಿಮ ಪಂದ್ಯ. ನೀಲ್ ಲೈಫರ್ ಅನ್ನೋ ಹುಡುಗನಿಗೆ ಅವತ್ತೇ ಹದಿನಾರು ತುಂಬಿದ್ದು. ಟಿಕೆಟ್ ಇಲ್ಲ. ಗಾಲಿಕುರ್ಚಿಯಲ್ಲಿ ಬಂದಿದ್ದ ಮಾಜಿ ಸೈನಿಕರನ್ನ ಒಳಗೆ ತಳ್ಳಿಕೊಂಡು ಹೋಗೋಕೆ ಸಹಾಯ ಮಾಡಿ, ತಾನೂ ಒಳಗೆ ಸೇರಿಕೊಂಡ. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯ್ತು. ಕತ್ತಲಾಗಿತ್ತು. ಬಾಲ್ಟಿಮೋರ್ ತಂಡದ ಅಲನ್ ಅಮೀಚಿ ಕೊನೇ ಗೆರೆ ದಾಟಿ ನುಗ್ಗಿದಾಗ ಈ ಹುಡುಗ ಅದೇ ತುದಿಯಲ್ಲಿ ನಿಂತಿದ್ದ, ಸಾಮಾನ್ಯ ಕ್ಯಾಮೆರಾ ಹಿಡ್ಕೊಂಡು. ದೂರದ ಲೆನ್ಸ್ ಇರಲಿಲ್ಲ. ಅದಕ್ಕೇ ಆ ಚಿತ್ರದಲ್ಲಿ ಆಟಗಾರನ ಜೊತೆ ಇಡೀ ಮೈದಾನ, ಹಿಂದಿನ ಕತ್ತಲು, ದೀಪಗಳು ಎಲ್ಲಾ ಬಂದಿವೆ. ಮುಂದೆ ಅವನು ದೊಡ್ಡ ಹೆಸರು ಮಾಡಿದ, ಅದು ಬೇರೆ ಮಾತು. ಅವತ್ತು ಅವನು ನಮ್ಮ ನಿಮ್ಮ ಹಾಗೆ ನೋಡೋಕೆ ಬಂದವನೇ. ಹತ್ತಿರ ಹೋಗೋಕಾಗದೇ ಇದ್ರೆ ಜಾಗವನ್ನೇ ಚಿತ್ರದೊಳಗೆ ತರಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಗೊತ್ತಿಲ್ಲ.

ಅದೇ ಲೈಫರ್ 1965ರಲ್ಲಿ ಮುಹಮ್ಮದ್ ಅಲಿಯ ಆ ಫೋಟೋ ತೆಗೆದ. ನೆಲಕ್ಕೆ ಬಿದ್ದ ಎದುರಾಳಿ ಬಾಕ್ಸರ್ ಸನ್ನಿ ಲಿಸ್ಟನ್, ಮೇಲೆ ನಿಂತು ಅಬ್ಬರಿಸ್ತಿರೋ ಅಲಿ. ನೀವೆಲ್ಲಾ ನೋಡಿರ್ತೀರಿ. ಇನ್ನೊಂದ್ಸಲ ನೋಡುವಾಗ ಅಲಿಯ ಎರಡು ಕಾಲಿನ ಮಧ್ಯೆ ಕಣ್ಣು ಹಾಯಿಸಿ. ರಿಂಗಿನ ಆಚೆ ಬದಿಯಲ್ಲಿ ಇನ್ನೊಬ್ಬ ಛಾಯಾಗ್ರಾಹಕ ಕಾಣ್ತಾನೆ. ಹರ್ಬ್ ಶಾರ್ಫ್‌ಮನ್, ಪಳಗಿದ ಕೈ. ಪಾಪ, ಅವನಿಗೆ ಕಂಡಿದ್ದು ಅಲಿಯ ಬೆನ್ನು. ಅಷ್ಟೇ ನೋಡಿ ವ್ಯತ್ಯಾಸ, ಯಾವ ಬದಿಯಲ್ಲಿ ಕೂತಿದ್ರು ಅನ್ನೋದು. ನಾವು ಪ್ರೇಕ್ಷಕರು, ಬೇಕಾದ ಕಡೆ ಎದ್ದು ಹೋಗಬಹುದು. ಆದ್ರೂ ಬಂದ ತಕ್ಷಣ ಖಾಲಿ ಕಂಡ ಜಾಗದಲ್ಲಿ ನಿಂತುಬಿಡ್ತೀವಿ. ಒಂದು ಸುತ್ತು ಹಾಕಿ. ಸೂರ್ಯ ಯಾವ ಕಡೆ ಇದ್ದಾನೆ, ಓಡೋರ ಹಿಂದೆ ಏನು ಕಾಣತ್ತೆ, ನಿಲ್ಲಿಸಿರೋ ಕಾರಾ, ಬ್ಯಾನರಾ, ಮರಗಳಾ, ನೋಡ್ಕೊಳ್ಳಿ. ಅರ್ಧ ಫೋಟೋ ಅಲ್ಲೇ ಮುಗೀತು.

ಇನ್ನು ವೇಗದ ವಿಷಯ. ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ಎಳೀತೀನಿ, ಸಹಿಸ್ಕೊಳ್ಳಿ.

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗೋ ಸೈಕಲ್ಲು ಸೆಕೆಂಡಿಗೆ ಸುಮಾರು 11 ಮೀಟರ್ ಹೋಗತ್ತೆ. ನಿಮ್ಮ ಶಟರ್, ಅಂದ್ರೆ ಕ್ಯಾಮೆರಾಕ್ಕೆ ಬೆಳಕು ಬಿಡೋ ಬಾಗಿಲು, ಸೆಕೆಂಡಿನ ನೂರರಲ್ಲಿ ಒಂದು ಭಾಗದಷ್ಟು ತೆರೆದಿದ್ರೆ, ಅಷ್ಟರಲ್ಲೇ ಸೈಕಲ್ಲು 11 ಸೆಂಟಿಮೀಟರ್ ಮುಂದೆ ಹೋಗಿರತ್ತೆ. ಮುಖ ಕಲಸಿಹೋಗತ್ತೆ. 1/1000 ಇಟ್ರೆ ಒಂದೇ ಸೆಂಟಿಮೀಟರ್, ಚಿತ್ರ ಸ್ಪಷ್ಟ. ನೆರಳಲ್ಲಿ, ಮೋಡದಲ್ಲಿ ಫೋನಿಗೆ ಆಟೋ ಬಿಟ್ರೆ ಅದು 1/100ರ ಆಸುಪಾಸಿಗೇ ಇಳಿದುಬಿಡಬಹುದು, ಅದಕ್ಕೇ ಮಸುಕು. ಕ್ಯಾಮೆರಾದಲ್ಲಿ ಪ್ರೊ ಮೋಡ್ ಅನ್ನೋ ಆಯ್ಕೆ ಇದ್ರೆ ಶಟರ್ ವೇಗ ನೀವೇ ಹೇಳಿ. ಇಲ್ಲಾಂದ್ರೆ ನಿಲ್ಲೋ ಜಾಗ ಬದಲಾಯಿಸಿ. ಅಡ್ಡಲಾಗಿ ಹಾದುಹೋಗೋದು ಜಾಸ್ತಿ ಮಸುಕಾಗತ್ತೆ, ನಿಮ್ಮ ಕಡೆಗೆ ಬರೋದು ಕಮ್ಮಿ. ತಿರುವಿನಲ್ಲಿ ಎಲ್ಲರೂ ವೇಗ ಇಳಿಸ್ತಾರೆ, ಮುಖವೂ ಕಾಣತ್ತೆ. ಆದ್ರೆ ತಿರುವಿನ ಒಳಬದಿಯಲ್ಲಿ ನಿಲ್ಲಿ. ಹಿಡಿತ ತಪ್ಪಿದವರು ಬಂದು ಬೀಳೋದು ಹೊರಬದಿಗೆ.

ನೆಗೆಯೋ ಆಟಗಳಲ್ಲಿ ಇನ್ನೊಂದು ಗುಟ್ಟಿದೆ. ಹೈಜಂಪ್ ಇರಲಿ, ವಾಲಿಬಾಲ್ ಸ್ಮ್ಯಾಶ್ ಇರಲಿ, ಮೇಲೆ ಹೋದವರು ಕೆಳಗೆ ಬರೋ ಮುಂಚೆ ಒಂದು ಕ್ಷಣ ಏರೋದೂ ಇಲ್ಲ ಇಳಿಯೋದೂ ಇಲ್ಲ ಅನ್ನೋ ಹಂತಕ್ಕೆ ಬರ್ತಾರೆ. ಆ ತುದಿಯಲ್ಲಿ ಹಿಡಿದ್ರೆ ಕಡಿಮೆ ಶಟರ್ ವೇಗದಲ್ಲೂ ಚಿತ್ರ ನಿಲ್ಲತ್ತೆ. ತುದಿ ತಲುಪಿದ್ದನ್ನ ನೋಡಿದ ಮೇಲೆ ಒತ್ತಿದ್ರೆ ಮಾತ್ರ ಆಗಲ್ಲ. ಕಣ್ಣಿಗೆ ಕಂಡು ಬೆರಳು ಅಲ್ಲಾಡೋಕೆ ಸೆಕೆಂಡಿನ ಐದನೇ ಒಂದು ಭಾಗ ಬೇಕು, ಅಷ್ಟೊತ್ತಿಗೆ ಅವರು ಇಳೀತಿರ್ತಾರೆ. ಹಾಗಾಗಿ ಮೊದಲ ಕೆಲವು ನೆಗೆತ ಬರೀ ನೋಡಿ. ಲಯ ಗೊತ್ತಾಗತ್ತೆ. ಆಟ ಗೊತ್ತಿಲ್ಲದೇ ಇದ್ರೆ ಎಂಥಾ ಕ್ಯಾಮೆರಾ ಇದ್ರೂ ತಡವಾಗೇ ಒತ್ತೋದು.

ಇದೆಲ್ಲಾ ವೇಗವನ್ನ ನಿಲ್ಲಿಸೋ ಮಾತಾಯ್ತು. ವೇಗವನ್ನ ವೇಗದ ಹಾಗೇ ತೋರಿಸೋದು ಇನ್ನೂ ಚೆನ್ನ. ಪ್ಯಾನಿಂಗ್ ಅಂತಾರೆ. ಶಟರ್ 1/30 ಅಥವಾ 1/60ಕ್ಕೆ ಇಳಿಸಿ, ಕಾಲು ನೆಟ್ಟು ಸೊಂಟದಿಂದ ಮೇಲೆ ಮಾತ್ರ ತಿರುಗ್ತಾ, ಸೈಕಲ್ಲಿನ ಜೊತೆ ಜೊತೆಗೇ ಕ್ಯಾಮೆರಾ ತಿರುಗಿಸಿ ಕ್ಲಿಕ್ ಮಾಡ್ಬೇಕು. ಕ್ಲಿಕ್ ಆದಮೇಲೂ ತಿರುಗೋದು ನಿಲ್ಲಿಸಬಾರದು. ಸವಾರ ಸ್ಪಷ್ಟವಾಗಿ, ಹಿಂದಿನದೆಲ್ಲಾ ಗೆರೆಗೆರೆಯಾಗಿ ಬರತ್ತೆ. ಬಹಳಷ್ಟು ಕೆಡತ್ತೆ, ಕೆಡಲಿ. ಫೋನಲ್ಲಿ ಇದನ್ನ ಉರಿಬಿಸಿಲಲ್ಲಿ ಮಾಡೋಕೆ ಹೋಗ್ಬೇಡಿ. ಫೋನಿನ ಮುಖ್ಯ ಲೆನ್ಸಿನಲ್ಲಿ ಬೆಳಕು ಒಳಗೆ ಬರೋ ಕಿಂಡಿಯನ್ನ ಸಾಮಾನ್ಯವಾಗಿ ಚಿಕ್ಕದು ಮಾಡೋಕೆ ಬರಲ್ಲ, ಬೆಳಕು ನುಗ್ಗಿ ಚಿತ್ರ ಪೂರ್ತಿ ಬೆಳ್ಳಗಾಗತ್ತೆ. ಸಂಜೆ, ಮೋಡ, ಮರದ ನೆರಳು, ಇವೇ ಸರಿ.

ಈ ತಿರುಗಿಸೋ ಆಟದಲ್ಲಿ ಜಗತ್ಪ್ರಸಿದ್ಧವಾದ ಒಂದು ಚಿತ್ರ ಇದೆ. 1910ರ ದಶಕದ ಆರಂಭ, ಫ್ರಾನ್ಸಿನಲ್ಲಿ ಕಾರ್ ರೇಸು. ಜಾಕ್ ಆನ್ರಿ ಲಾರ್ತೀಗ್ ಅನ್ನೋ ಶ್ರೀಮಂತರ ಮನೆ ಹುಡುಗ ರಸ್ತೆ ಬದಿಯಲ್ಲಿ ನಿಂತಿದ್ದ. ಅವನ ಕ್ಯಾಮೆರಾದಲ್ಲಿ ಶಟರ್ ಅಂದ್ರೆ ಒಂದು ಸೀಳು, ಅದು ಚಿತ್ರ ಮೂಡೋ ಗಾಜಿನ ಪ್ಲೇಟಿನ ಮುಂದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯೋದು. ಚಿತ್ರದ ಕೆಳಗಿನ ಭಾಗ ಒಂದು ಗಳಿಗೆಯದು, ಮೇಲಿನ ಭಾಗ ಇನ್ನೊಂದು ಗಳಿಗೆಯದು. ಅಷ್ಟರಲ್ಲಿ ಕಾರು ಸರಿದಿತ್ತು, ಹಾಗಾಗಿ ಅದರ ಚಕ್ರ ಅಂಡಾಕಾರವಾಗಿ ಮುಂದಕ್ಕೆ ವಾಲಿಕೊಂಡಿದೆ. ಇವನು ಕ್ಯಾಮೆರಾನೂ ತಿರುಗಿಸ್ತಿದ್ದನಲ್ಲ, ಅದಕ್ಕೆ ಹಿಂದೆ ನಿಂತಿರೋ ಜನ, ಕಂಬ ಎಲ್ಲಾ ಎದುರು ದಿಕ್ಕಿಗೆ ವಾಲಿವೆ. ಕಾರಿನ ಮುಂಭಾಗ ಚಿತ್ರದಿಂದ ಹೊರಗೇ ಹೋಗಿಬಿಟ್ಟಿದೆ. ಫೋಟೋ ತರಗತಿಯ ಲೆಕ್ಕದಲ್ಲಿ ಮೂರೂ ತಪ್ಪು. ಆದ್ರೆ ವೇಗ ಅಂದ್ರೆ ಏನು ಅಂತ ಆ ಚಿತ್ರ ತೋರಿಸಿದ ಹಾಗೆ ಇನ್ನೊಂದು ತೋರಿಸಿಲ್ಲ. ಲಾರ್ತೀಗ್ ತನ್ನ ಖುಷಿಗೆ ಫೋಟೋ ತೆಗೆದವನು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1963ರಲ್ಲಿ ಪ್ರದರ್ಶನ ಇಟ್ಟು ಅವನ ಹೆಸರು ಹೊರಜಗತ್ತಿಗೆ ಗೊತ್ತಾಗುವಾಗ ಅವನಿಗೆ ಅರವತ್ತು ದಾಟಿತ್ತು.

ತಮಾಷೆ ಏನಂದ್ರೆ ಆ ಸೀಳು ಈಗ ನಿಮ್ಮ ಫೋನಲ್ಲೂ ಇದೆ. ಫೋನಿನ ಸೆನ್ಸರ್, ಅಂದ್ರೆ ಬೆಳಕು ಹಿಡಿಯೋ ಚಿಪ್, ಇಡೀ ಚಿತ್ರವನ್ನ ಒಂದೇ ಸಲ ಓದಲ್ಲ, ಸಾಲು ಸಾಲಾಗಿ ಓದತ್ತೆ. ಬೀಸ್ತಿರೋ ಬ್ಯಾಟು, ರ‍್ಯಾಕೆಟ್ಟು ಚಿತ್ರದಲ್ಲಿ ಬಾಳೆಹಣ್ಣಿನ ಹಾಗೆ ಬಾಗೋದು ಅದಕ್ಕೇ. ಜನ ಅದನ್ನ ನೋಡಿ ಛೇ ಅಂತ ಅಳಿಸ್ತಾರೆ. ನನ್ನ ಕೇಳಿದ್ರೆ ಇಟ್ಕೊಳ್ಳಿ.

ಫ್ಲ್ಯಾಶ್ ಬಗ್ಗೆ ಎರಡೇ ಮಾತು. ದೂರ ಎರಡು ಪಟ್ಟಾದ್ರೆ ಬೆಳಕು ಕಾಲು ಭಾಗಕ್ಕೆ ಇಳಿಯತ್ತೆ. ಗ್ಯಾಲರಿಯಿಂದ ಹೊಡೆದ ಫ್ಲ್ಯಾಶ್ ಬೆಳಗೋದು ಮುಂದಿನ ಸಾಲಿನವರ ತಲೆಯನ್ನ. ಆಟಗಾರರ ಕಣ್ಣಿಗೆ ಮಾತ್ರ ಚುಚ್ಚತ್ತೆ. ಆಫ್ ಮಾಡಿಬಿಡಿ.

ಈಗ ಸ್ವಲ್ಪ ಸಿಟ್ಟಿನ ವಿಷಯ. ಫೋಟೋ ತೆಗೆಯೋರೇ ಆಟ ಕೆಡಿಸಿದ್ದುಂಟು. 1994ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸು, ಮೊದಲ ಹಂತ, ಅರ್ಮೆಂತಿಯೆರ್ ಊರಲ್ಲಿ ಗುರಿಯತ್ತ ಸವಾರರ ಕೊನೇ ನುಗ್ಗಾಟ. ಜನರನ್ನ ಹಿಂದೆ ಸರಿಸೋಕೆ ಅಂತ ನಿಲ್ಲಿಸಿದ್ದ ಪೊಲೀಸನೇ ಫೋಟೋ ತೆಗೆಯೋಕೆ ಮುಂದಕ್ಕೆ ಬಾಗಿದ. ವಿಲ್‌ಫ್ರೀಡ್ ನೆಲಿಸ್ಸೆನ್ ಹೋಗಿ ಅವನಿಗೆ ಗುದ್ದಿದ, ಲೊರಾಂ ಜಲಾಬೆರ್ ಮುಖ ಒಡೆದುಕೊಂಡ. 1999ರಲ್ಲಿ ಅದೇ ಟೂರಿನಲ್ಲಿ, ಆಲ್ಪ್ ದ್ಯುಯೆಜ್ ಬೆಟ್ಟದ ದಾರಿಯಲ್ಲಿ ಜುಸೆಪ್ಪೆ ಗುವೆರೀನಿ ಒಬ್ಬನೇ ಮುಂದಿದ್ದ, ಗುರಿ ಹತ್ತಿರವಿತ್ತು. ಒಬ್ಬ ಅಭಿಮಾನಿ ಕ್ಯಾಮೆರಾ ಹಿಡಿದು ರಸ್ತೆ ನಡುವೆ ನಿಂತ. ಇಬ್ಬರೂ ಡಿಕ್ಕಿ. ಗುವೆರೀನಿ ಎದ್ದು, ಮತ್ತೆ ಸೈಕಲ್ ಹತ್ತಿ, ಆ ಹಂತ ಗೆದ್ದ. ಗೆದ್ದ ಅಂತ ಈಗ ನಗ್ತೀವಿ. ಸೋತಿದ್ರೆ?

ಅಗಲದ ಲೆನ್ಸಿನಲ್ಲಿ ನೋಡಿದ್ರೆ ಎಲ್ಲಾ ಇರೋದಕ್ಕಿಂತ ದೂರ ಕಾಣತ್ತೆ. ಪರದೆ ಮೇಲೆ ಸವಾರ ಇನ್ನೂ ಪುಟ್ಟದಾಗಿರ್ತಾನೆ, ನಿಜದಲ್ಲಿ ಮೂಗಿನ ಮುಂದೆ ಬಂದಿರ್ತಾನೆ. ಗೆರೆಯೊಳಗೆ ಒಂದು ಹೆಜ್ಜೆ ಇಟ್ರೆ ಏನಾಗತ್ತೆ ಅನ್ನೋರಿಗೆ ಇದು ಉತ್ತರ. ಕೈ, ಫೋನು, ಸೆಲ್ಫಿ ಕೋಲು, ಜೋತಾಡೋ ಪಟ್ಟಿ ಯಾವುದೂ ಗೆರೆ ದಾಟಬಾರದು.

ಫೋನ್ ಎತ್ತಿ ಹಿಡ್ಕೊಂಡೇ ಪಂದ್ಯ ಮುಗಿಸೋರೂ ಇದ್ದಾರೆ. ಫೋಟೋ ತೆಗೆದ್ರೆ ನೆನಪು ಹಾಳಾಗತ್ತೆ ಅನ್ನೋ ಮಾತು ಪೂರ್ತಿ ನಿಜ ಅಲ್ಲ. 2017ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಫೋಟೋ ತೆಗೆದವರಿಗೆ ಕಂಡಿದ್ದು ಹೆಚ್ಚು ನೆನಪಿತ್ತು, ಕೇಳಿಸಿದ್ದು ಕಮ್ಮಿ ನೆನಪಿತ್ತು. ನನಗಂತೂ ಇದು ಯೋಚನೆಗೆ ಹಚ್ಚಿತು. ಮೈದಾನ ಅಂದ್ರೆ ಅರ್ಧ ಸದ್ದೇ ಅಲ್ವಾ? ಶಿಳ್ಳೆ, ಚೆಂಡು ಬಾರಿಸಿದ ಸಪ್ಪಳ, ಗೋಲ್‌ಕೀಪರ್ ತನ್ನ ಹುಡುಗರಿಗೆ ಕೂಗಿ ಹೇಳೋದು, ಪಕ್ಕದಲ್ಲಿ ಕೂತ ಹಿರಿಯರ ಬೈಗುಳ. ಟಿವಿಯಲ್ಲಿ ಅದು ಸಿಗಲ್ಲ. ಮೊದಲರ್ಧ ಫೋಟೋ ತೆಗೆದು ದ್ವಿತೀಯಾರ್ಧ ಫೋನನ್ನ ಜೇಬಿಗೆ ಹಾಕೋದು ನನ್ನ ಪದ್ಧತಿ. ರೋಚಕ ಕ್ಷಣ ದ್ವಿತೀಯಾರ್ಧದಲ್ಲೇ ಬಂದುಬಿಡತ್ತೆ ಅಂತೀರಿ. ಬರಲಿ, ನೋಡ್ತೀನಿ.

ಹಾಗಾದ್ರೆ ಏನನ್ನ ತೆಗೀಬೇಕು? ನಾನು ಬೆಂಚಿನ ಕಡೆ ತಿರುಗ್ತೀನಿ. ಬದಲಿ ಆಟಗಾರ ಶೂ ಲೇಸ್ ಬಿಚ್ಚಿ ಮತ್ತೆ ಕಟ್ತಿರ್ತಾನೆ, ಕರೆ ಬರತ್ತೋ ಇಲ್ವೋ ಅನ್ನೋ ತಳಮಳದಲ್ಲಿ. ಅವನು ನಿಮ್ಮಿಂದ ಮೂರು ನಾಲ್ಕು ಮೀಟರ್ ದೂರದಲ್ಲಿರ್ತಾನೆ, ಯಾವ ದೊಡ್ಡ ಲೆನ್ಸೂ ಬೇಡ. ಪೆನಾಲ್ಟಿ ಹೊಡೆಯುವಾಗ ಗೋಲಿನ ಕಡೆ ಬೆನ್ನು ಹಾಕಿ ಪ್ರೇಕ್ಷಕರ ಕಡೆ ತಿರುಗಿ ನೋಡಿ. ಒಬ್ಬರು ಕಣ್ಣು ಮುಚ್ಚಿರ್ತಾರೆ, ಒಬ್ಬರು ಪಕ್ಕದವರ ತೋಳು ಹಿಂಡ್ತಿರ್ತಾರೆ. ಯಾರಿಗೂ ಕ್ಯಾಮೆರಾದ ಪರಿವೆಯೇ ಇರಲ್ಲ.

ಓಟದಲ್ಲಿ ನನ್ನ ಆಯ್ಕೆ ಕೊನೆಯವರು. ಮೊದಲು ಬಂದವರಿಗೆ ಹತ್ತು ಕ್ಯಾಮೆರಾ ಇರತ್ತೆ. ಅವರು ಪದಕ ಹಾಕ್ಕೊಂಡು ಮನೆಗೆ ಹೋದ ಎಷ್ಟೋ ಹೊತ್ತಿನ ಮೇಲೆ, ಸ್ವಯಂಸೇವಕರು ಕೋನ್ ಎತ್ತಿಡೋಕೆ ಶುರು ಮಾಡಿದ ಮೇಲೆ, ಬರ್ತಾರೆ ನೋಡಿ, ಕುಂಟ್ತಾ, ಮುಖ ಕೆಂಪಾಗಿ. ಒಂದೂ ಕ್ಯಾಮೆರಾ ಉಳಿದಿರಲ್ಲ. ಆ ಓಟಕ್ಕೆ ತಿಂಗಳುಗಟ್ಟಲೆ ತಯಾರಿ ಮಾಡಿರೋ ಅವರ ಹತ್ರ ಗುರಿ ಮುಟ್ಟಿದ ಒಂದು ಚಿತ್ರವೂ ಇರಲ್ಲ. ಬೆಳಕೂ ಚೆನ್ನಾಗಿರತ್ತೆ, ಜನ ಇಲ್ಲದಿರೋದ್ರಿಂದ ಜಾಗವೂ ಖಾಲಿ, ವೇಗವೂ ಕಮ್ಮಿ. ಫೋನಿಗೆ ಹೇಳಿಮಾಡಿಸಿದ ವಿಷಯ. ಆದ್ರೆ ಎಡವಿ ಬಿದ್ದಿದ್ದನ್ನ, ವಾಂತಿ ಮಾಡ್ಕೊಂಡಿದ್ದನ್ನ ತೆಗೀಬೇಡಿ. ತೆಗೆದಿದ್ರೆ ಅಳಿಸಿ. ಮಕ್ಕಳ ಆಟವಾದ್ರೆ ಅಪ್ಪ ಅಮ್ಮನನ್ನ ಕೇಳದೆ ಎಲ್ಲೂ ಹಾಕ್ಬೇಡಿ, ಹೆಸರು, ಶಾಲೆ ಬರೆಯೋದಂತೂ ಬೇಡವೇ ಬೇಡ.

ಮನೆಗೆ ಬಂದು ಗುಡ್ಡೆಯಿಂದ ನಾಲ್ಕೈದು ಆರಿಸಿ. ಮುನ್ನೂರು ಫೋಟೋದ ಲಿಂಕ್ ಕಳಿಸಿದ್ರೆ ಯಾರೂ ನೋಡಲ್ಲ. ಆರಿಸಿದ್ದನ್ನ ಆಯೋಜಕರಿಗೆ ಕಳಿಸಿ, ಆ ಓಟಗಾರರಿಗೆ ತಲುಪಿಸಿ ಅಂತ ಕೇಳಿ. ಯಾರ ಚಿತ್ರ ಅಂತ ಅವರಿಗೆ ಗೊತ್ತಾಗ್ಬೇಕಲ್ಲ, ಹಾಗಾಗಿ ತೆಗೆಯುವಾಗಲೇ ಕ್ಯಾಮೆರಾ ಸ್ವಲ್ಪ ಕೆಳಗೆ ಹಿಡೀರಿ. ಎದೆ ಮೇಲಿನ ನಂಬರ್ ಪೂರ್ತಿ ಕಾಣಲಿ.