ಯಾರನ್ನು ಕೇಳಿದರು? ರೊಡೇಶಿಯನ್ ಫ್ರಂಟ್ ಪಕ್ಷದ ಕಥೆ

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದು ರಾಜಕೀಯ ಪಕ್ಷದ ಕಥೆ ಹೇಳುತ್ತೇನೆ. ಹೆಸರು ರೊಡೇಶಿಯನ್ ಫ್ರಂಟ್. ಈಗಿನ ಜಿಂಬಾಬ್ವೆಯನ್ನು ಆಗ ದಕ್ಷಿಣ ರೊಡೇಶಿಯಾ ಅನ್ನುತ್ತಿದ್ದರು. ಅಲ್ಲಿ ನೆಲೆಸಿದ ಬಿಳಿಯರ ಪಕ್ಷ ಇದು. 1962ರ ಕೊನೆಯಲ್ಲಿ ಅಧಿಕಾರ ಹಿಡಿದು ಹದಿನಾರು ವರ್ಷಕ್ಕೂ ಜಾಸ್ತಿ ಆಳಿತು. ಅಷ್ಟೂ ಕಾಲ ಒಂದು ಸಾರ್ವತ್ರಿಕ ಚುನಾವಣೆಯನ್ನೂ ಸೋಲಲಿಲ್ಲ. ಜನ ನಮ್ಮ ಹಿಂದಿದ್ದಾರೆ ಅನ್ನುವುದೇ ಅದರ ದೊಡ್ಡ ಬಲವಾಗಿತ್ತು. ಯಾವ ಜನ? ಈ ಕಥೆ ಓದುವಾಗೆಲ್ಲ ನನ್ನನ್ನು ಕಾಡುವ ಪ್ರಶ್ನೆ ಅದೊಂದೇ.

ಸ್ವಲ್ಪ ಹಿಂದಕ್ಕೆ ಹೋಗೋಣ. 1890ರಲ್ಲಿ ಬ್ರಿಟಿಷ್ ಉದ್ಯಮಿ ಸೆಸಿಲ್ ರೋಡ್ಸ್ ಅವರ ಕಂಪನಿ ಈ ನೆಲಕ್ಕೆ ಕಾಲಿಟ್ಟಿತು. ನಾಡಿಗೆ ಅವರದೇ ಹೆಸರು ಬಂತು. ಕಂಪನಿಯ ಆಡಳಿತ ಮುಗಿಯುವ ಹೊತ್ತಿಗೆ, 1922ರಲ್ಲಿ, ದಕ್ಷಿಣ ಆಫ್ರಿಕಾದ ಜೊತೆ ಸೇರೋಣವೋ ಬೇಡವೋ ಎಂದು ಮತ ಹಾಕಿಸಿದರು. ಬೇಡ ಅಂದವರು 8,774, ಸೇರೋಣ ಅಂದವರು 5,989. ಇಡೀ ನಾಡಿನ ಮುಂದಿನ ದಾರಿ ತೀರ್ಮಾನವಾಗಿದ್ದು ಹದಿನೈದು ಸಾವಿರಕ್ಕೂ ಕಡಿಮೆ ಮತಗಳಲ್ಲಿ! ನಾಡು ಬ್ರಿಟನ್ನಿನ ವಸಾಹತಾಗಿಯೇ ಉಳಿದರೂ, ಮರುವರ್ಷದಿಂದ ಆಡಳಿತ ಅಲ್ಲಿನ ಬಿಳಿಯರ ಕೈಗೇ ಬಂತು. ಪೊಲೀಸ್, ಸೈನ್ಯ, ಬಜೆಟ್ ಎಲ್ಲವೂ ಅವರದೇ. ಮುಂದೆ ಆದದ್ದು ಅರ್ಥವಾಗಬೇಕಾದರೆ ಇದನ್ನು ನೆನಪಿಡಬೇಕು. 1930ರಲ್ಲಿ ಭೂಮಿ ಹಂಚಿಕೆ ಕಾಯ್ದೆ ಬಂತು. ನಾಡಿನ ಅರ್ಧದಷ್ಟು ನೆಲ, ಅದರಲ್ಲೂ ಒಳ್ಳೆಯ ನೆಲ, ಬಿಳಿಯರ ಪಾಲಾಯಿತು. ತಲತಲಾಂತರದಿಂದ ಉಳುತ್ತಿದ್ದ ನೆಲದಿಂದ ಆಫ್ರಿಕನ್ ಕುಟುಂಬಗಳನ್ನು ಎಬ್ಬಿಸಿದರು.

1960ರ ಹೊತ್ತಿಗೆ ಆಫ್ರಿಕಾದಲ್ಲಿ ಒಂದಾದ ಮೇಲೊಂದು ದೇಶ ಸ್ವತಂತ್ರವಾಗುತ್ತಿತ್ತು. ಕಾಂಗೋದಲ್ಲಿ ಗಲಭೆಯಾಗಿ ಅಲ್ಲಿದ್ದ ಬೆಲ್ಜಿಯನ್ನರು ಮನೆಮಠ ಬಿಟ್ಟು ರೊಡೇಶಿಯಾಕ್ಕೆ ಓಡಿ ಬಂದರು. ನಾಳೆ ನಮಗೂ ಇದೇ ಗತಿ ಎಂಬ ಭಯ ಅಲ್ಲಿನ ಬಿಳಿಯರಿಗೆ ಹತ್ತಿತು. ಪ್ರಧಾನಿ ಎಡ್ಗರ್ ವೈಟ್‌ಹೆಡ್ ಭೂಮಿ ಕಾಯ್ದೆಯನ್ನೇ ತೆಗೆಯುತ್ತೇನೆ ಎಂದರು. ಆಗ, 1962ರ ಮಾರ್ಚಿನಲ್ಲಿ, ಹಲವು ಗುಂಪುಗಳು ಕೂಡಿ ರೊಡೇಶಿಯನ್ ಫ್ರಂಟ್ ಕಟ್ಟಿಕೊಂಡವು. ತಂಬಾಕು ಬೆಳೆಯುವ ದೊಡ್ಡ ಜಮೀನುದಾರರ ದುಡ್ಡು ಅದರ ಹಿಂದಿತ್ತು. ಡಿಸೆಂಬರ್ ಚುನಾವಣೆಯಲ್ಲಿ 65ರಲ್ಲಿ 35 ಸ್ಥಾನ ಗೆದ್ದು ವಿನ್‌ಸ್ಟನ್ ಫೀಲ್ಡ್ ಪ್ರಧಾನಿಯಾದರು. ಓಟು ಹಾಕಲು ಇಷ್ಟು ವರಮಾನ, ಇಷ್ಟು ಆಸ್ತಿ, ಇಷ್ಟು ಓದು ಇರಲೇಬೇಕು ಎಂಬ ನಿಯಮವಿತ್ತು. ಮತದಾರರ ಪಟ್ಟಿಗಳು ಎರಡು. 65ರಲ್ಲಿ 50 ಸ್ಥಾನಗಳನ್ನು ಆರಿಸುವ ಪಟ್ಟಿಯಲ್ಲಿ ಹೆಚ್ಚುಕಡಿಮೆ ಬಿಳಿಯರೇ ಇದ್ದರು.

1964ರ ಏಪ್ರಿಲಿನಲ್ಲಿ ಪಕ್ಷ ಫೀಲ್ಡ್ ಅವರನ್ನು ಇಳಿಸಿ ಇಯಾನ್ ಸ್ಮಿತ್ ಅವರನ್ನು ತಂದಿತು. ಸೆಲುಕ್ವೆ ಎಂಬ ಸಣ್ಣ ಊರಿನವರು. ಆ ನೆಲದಲ್ಲೇ ಹುಟ್ಟಿದ ಮೊದಲ ಪ್ರಧಾನಿ. ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿ ಮುಖಕ್ಕೆ ಗಾಯ ಮಾಡಿಕೊಂಡವರು. ಆ ನೆಲದ ಮೇಲೆ ಅವರಿಗಿದ್ದ ಪ್ರೀತಿ ಸುಳ್ಳಲ್ಲ. ಅದೇ ಪ್ರೀತಿ ಪಕ್ಕದವನಿಗೂ ಇರುತ್ತದೆ ಅನ್ನುವುದು ಅವರಿಗೆ ಕಾಣಲಿಲ್ಲವಲ್ಲ, ನನ್ನ ಸಂಕಟ ಅದು.

ಸ್ವಾತಂತ್ರ್ಯ ಬೇಕಾದರೆ ಆಫ್ರಿಕನ್ನರೂ ಒಪ್ಪಿದ್ದಾರೆ ಎಂದು ತೋರಿಸಿ ಎಂದಿತು ಬ್ರಿಟನ್. ಆಗ ಸ್ಮಿತ್ ಏನು ಮಾಡಿದರು ನೋಡಿ. ಅಕ್ಟೋಬರಿನಲ್ಲಿ ಡೊಂಬೊಶಾವಾ ಎಂಬಲ್ಲಿ ಆರುನೂರಕ್ಕೂ ಹೆಚ್ಚು ಬುಡಕಟ್ಟು ಮುಖ್ಯಸ್ಥರನ್ನು ಸೇರಿಸಿದರು. ಸುತ್ತ ಸೈನ್ಯದ ಕಾವಲು. ಮುಖ್ಯಸ್ಥರಿಗೆ ಸಂಬಳ ಕೊಡುತ್ತಿದ್ದದ್ದೇ ಸರ್ಕಾರ. ಎಲ್ಲರೂ ಒಪ್ಪಿದರು. ಜನರನ್ನು ಕೇಳಿ ಆಯಿತು! ಬ್ರಿಟನ್ ಇದನ್ನು ಒಪ್ಪಲಿಲ್ಲ. ಅಷ್ಟರಲ್ಲಿ ಜನರ ಪರ ಮಾತಾಡುವ ನಾಯಕರು, ಜೋಶುವಾ ಎನ್‌ಕೋಮೊ, ಸಿಥೋಲೆ, ರಾಬರ್ಟ್ ಮುಗಾಬೆ, ಬಂಧನದಲ್ಲಿದ್ದರು. ಸುಮಾರು ಹತ್ತು ವರ್ಷ ಒಳಗೇ ಇದ್ದರು. ಮುಗಾಬೆಯವರ ಪುಟ್ಟ ಮಗ ಘಾನಾದಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಗೂ ಅವರನ್ನು ಬಿಡಲಿಲ್ಲ. ಮುಂದೆ ಅವರು ಎಂಥ ಆಡಳಿತಗಾರರಾದರು ಅನ್ನುವುದು ಬೇರೆ ಮಾತು. ಈ ಕ್ರೌರ್ಯವನ್ನು ಅದರಿಂದ ಮುಚ್ಚಲಾಗದು.

1965ರ ಮೇನಲ್ಲಿ ಪಕ್ಷ ಆ 50 ಸ್ಥಾನಗಳನ್ನೂ ಗೆದ್ದಿತು. ನವೆಂಬರ್ 11ರಂದು ಬ್ರಿಟನ್ನಿನ ಒಪ್ಪಿಗೆ ಇಲ್ಲದೆ ತಾನೇ ಸ್ವಾತಂತ್ರ್ಯ ಘೋಷಿಸಿಕೊಂಡಿತು. ಆಗ ಅಲ್ಲಿದ್ದ ಬಿಳಿಯರು ಸುಮಾರು 2 ಲಕ್ಷ 20 ಸಾವಿರ. ಆಫ್ರಿಕನ್ನರು 40 ಲಕ್ಷಕ್ಕೂ ಹೆಚ್ಚು. ಆ ಘೋಷಣಾ ಪತ್ರವನ್ನು ಒಮ್ಮೆ ಓದಬೇಕು. 1776ರ ಅಮೆರಿಕದ ಘೋಷಣೆಯ ಅಚ್ಚಿನಲ್ಲೇ ಎರಕ ಹೊಯ್ದದ್ದು. ಆದರೆ ಎರಡು ಮಾತು ಅದರಲ್ಲಿಲ್ಲ. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಎಂಬುದಿಲ್ಲ. ಆಳಿಸಿಕೊಳ್ಳುವವರ ಒಪ್ಪಿಗೆಯಿಂದಲೇ ಸರ್ಕಾರಕ್ಕೆ ಅಧಿಕಾರ ಬರುತ್ತದೆ ಎಂಬುದೂ ಇಲ್ಲ. ಇಡೀ ಪಕ್ಷದ ಮನಸ್ಸು ಆ ಎರಡು ಖಾಲಿ ಜಾಗಗಳಲ್ಲಿದೆ. ಸುದ್ದಿಯ ಮೇಲೂ ಸೆನ್ಸಾರ್ ಬಂತು. ಕತ್ತರಿಸಿದ ಸುದ್ದಿಯ ಜಾಗ ಬಿಳಿಯಾಗಿಯೇ ಉಳಿದ ಪತ್ರಿಕೆಗಳು ಓದುಗರ ಕೈಸೇರಿದವು.

ವಿಶ್ವಸಂಸ್ಥೆ ನಿರ್ಬಂಧ ಹೇರಿತು. ದಕ್ಷಿಣ ಆಫ್ರಿಕಾ ಮತ್ತು ಪೋರ್ಚುಗೀಸರ ಮೊಜಾಂಬಿಕ್ ದಾರಿಯಿಂದ ಎಣ್ಣೆ, ಸಾಮಾನು ಬರುತ್ತಲೇ ಇತ್ತು.

ಕೊನೆಗೂ ಒಮ್ಮೆ ಜನರನ್ನು ನಿಜವಾಗಿ ಕೇಳಿದರು. 1971ರಲ್ಲಿ ಸ್ಮಿತ್ ಮತ್ತು ಬ್ರಿಟನ್ ಒಂದು ಒಪ್ಪಂದಕ್ಕೆ ಬಂದಿದ್ದರು. ಬಹುಜನರ ಆಡಳಿತವನ್ನು ಎಷ್ಟೋ ದಶಕ ಮುಂದಕ್ಕೆ ತಳ್ಳುವ ಒಪ್ಪಂದ. ಜನ ಒಪ್ಪುತ್ತಾರೋ ನೋಡಿ ಬನ್ನಿ ಎಂದು ಬ್ರಿಟನ್ ಪಿಯರ್ಸ್ ಆಯೋಗವನ್ನು ಕಳಿಸಿತು. 1972ರ ಆರಂಭದಲ್ಲಿ ಆಯೋಗದವರು ಹಳ್ಳಿಹಳ್ಳಿ ತಿರುಗಿದರು. ಬಿಷಪ್ ಏಬಲ್ ಮುಜೊರೆವಾ ಅವರ ಮುಂದಾಳತ್ವದಲ್ಲಿ ಜನ ಗುಂಪುಗುಂಪಾಗಿ ಬಂದು ಬೇಡ ಅಂದರು. ಬಿಳಿಯರು ಒಪ್ಪಿದ್ದಾರೆ, ಆಫ್ರಿಕನ್ನರಲ್ಲಿ ಬಹುತೇಕರು ಒಪ್ಪಿಲ್ಲ ಎಂದು ಆಯೋಗ ಬರೆದುಕೊಟ್ಟಿತು. ಈ ಇತಿಹಾಸದಲ್ಲಿ ನನ್ನ ಮನಸ್ಸು ತುಂಬುವ ಭಾಗ ಇದು. ಓಟಿಲ್ಲದ ಜನ ಬಾಯಿಮಾತಿನಿಂದಲೇ ಒಪ್ಪಂದವನ್ನು ಬೀಳಿಸಿದರು.

ಪಕ್ಷಕ್ಕೆ ಅದು ಕೇಳಿಸಲಿಲ್ಲ. ಅದೇ ವರ್ಷದ ಕೊನೆಗೆ ಗೆರಿಲ್ಲಾ ಯುದ್ಧ ಜೋರಾಯಿತು. 1975ರಲ್ಲಿ ಮೊಜಾಂಬಿಕ್ ಸ್ವತಂತ್ರವಾಗಿ ಉದ್ದದ ಗಡಿ ತೆರೆದುಕೊಂಡಿತು. ಬಹುಜನರ ಆಡಳಿತ ಸಾವಿರ ವರ್ಷವಾದರೂ ಬರುವುದಿಲ್ಲ ಎಂದು ಸ್ಮಿತ್ 1976ರ ಮಾರ್ಚಿನಲ್ಲಿ ಹೇಳಿದರು. ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕಾ ಮತ್ತು ಅಮೆರಿಕದ ಒತ್ತಡಕ್ಕೆ ಮಣಿದು ಅದನ್ನೇ ಒಪ್ಪಿಕೊಂಡರು. ಆದರೂ 1977ರ ಚುನಾವಣೆಯಲ್ಲಿ ಮತ್ತೆ 50ಕ್ಕೆ 50. ಯುದ್ಧ ಮುಗಿಯುವಷ್ಟರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಅವರಲ್ಲಿ ಬಹುಪಾಲು ಆಫ್ರಿಕನ್ನರು.

1979ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಒಪ್ಪಂದವಾಯಿತು. 1980ರ ಫೆಬ್ರವರಿಯಲ್ಲಿ ಚುನಾವಣೆ. ಬಿಳಿಯರಿಗೆ ಮೀಸಲಾದ 20 ಸ್ಥಾನಗಳನ್ನೂ ರೊಡೇಶಿಯನ್ ಫ್ರಂಟ್ ಗೆದ್ದಿತು. ಉಳಿದ 80 ಸ್ಥಾನಗಳಿಗೆ ಸುಮಾರು 27 ಲಕ್ಷ ಜನ ಓಟು ಹಾಕಿದರು. ಮುಗಾಬೆಯವರ ಪಕ್ಷಕ್ಕೆ 57, ಎನ್‌ಕೋಮೊ ಅವರದಕ್ಕೆ 20, ಮುಜೊರೆವಾ ಅವರದಕ್ಕೆ 3. ಏಪ್ರಿಲ್ 18ರಂದು ಜಿಂಬಾಬ್ವೆ ಹುಟ್ಟಿತು.

ಪಕ್ಷ ಎರಡು ಸಲ ಹೆಸರು ಬದಲಿಸಿಕೊಂಡಿತು. 1987ರಲ್ಲಿ ಬಿಳಿಯರ ಮೀಸಲು ಸ್ಥಾನಗಳು ರದ್ದಾದವು. ಸ್ಮಿತ್ ಇನ್ನೂ ಬಹಳ ವರ್ಷ ಆ ದೇಶದಲ್ಲೇ ಇದ್ದರು. 2007ರಲ್ಲಿ ಕೇಪ್ ಟೌನಿನಲ್ಲಿ ತೀರಿಕೊಂಡರು. ಅವರು ಹುಟ್ಟಿದ ಸೆಲುಕ್ವೆಯನ್ನು ಈಗ ಶುರುಗ್ವಿ ಎಂದು ಕರೆಯುತ್ತಾರೆ.

ಇಷ್ಟು ನನ್ನ ಮಾತು. ಈಗ ನೀವು ಕೇಳಿ.