ಬಂಡೆಯ ಕೆಂಪು ಮಾತ್ರ ಉಳಿಸಿಕೊಂಡರೆ

ಈಗ ಸ್ಕ್ರೀನ್ ಮೇಲೆ ಕಾಣ್ತಿರೋದು ಫೈರ್ ವೇವ್. ಅಮೆರಿಕದ ನೆವಾಡಾದಲ್ಲಿ, ವ್ಯಾಲಿ ಆಫ್ ಫೈರ್ ಸ್ಟೇಟ್ ಪಾರ್ಕ್ ಒಳಗಿರೋ ಬಂಡೆ. ಕೆಂಪು, ಬಿಳಿ, ಮತ್ತೆ ಕೆಂಪು, ಅಲೆಅಲೆಯಾಗಿ ಪಟ್ಟೆಗಳು. ಇದನ್ನ ಸೆಲೆಕ್ಟಿವ್ ಕಲರ್‌ನಲ್ಲಿ ತೆಗೀಬೇಕು ಅಂತಾನೇ ಬಂದೆ. ಕೆಂಪೊಂದು ಉಳೀಬೇಕು, ಮಿಕ್ಕಿದ್ದೆಲ್ಲ ಕಪ್ಪುಬಿಳುಪು.

ಈ ಶೈಲಿ ಅಂದ್ರೆ ಮೂಗು ಮುರಿಯೋರು ತುಂಬ ಜನ. ಕಪ್ಪುಬಿಳುಪಿನ ಮಧ್ಯೆ ಒಂದು ಕೆಂಪು ಗುಲಾಬಿ, ಒಂದು ಕೆಂಪು ಛತ್ರಿ, ನೋಡಿ ನೋಡಿ ಸಾಕಾಗಿರುತ್ತೆ. ಆದ್ರೆ ಈ ಕಲ್ಲಿಗೆ ಅದು ಒಪ್ಪುತ್ತೆ. ಜುರಾಸಿಕ್ ಕಾಲದಲ್ಲಿ ಇದೆಲ್ಲ ಮರಳುದಿಬ್ಬ. ಕಣಗಳ ಮೇಲೆ ಐರನ್ ಆಕ್ಸೈಡ್ ಕೂತು ಕಲ್ಲು ಕೆಂಪಾಯ್ತು. ಆಮೇಲೆ ನೆಲದಡಿ ಹರಿದ ನೀರು ಕೆಲವು ಪದರಗಳಿಂದ ಆ ಕಬ್ಬಿಣವನ್ನ ಕರಗಿಸಿ ಒಯ್ದುಬಿಡ್ತು, ಅವು ಬೆಳ್ಳಗಾದವು. ಬಣ್ಣ ಎಲ್ಲಿರಬೇಕು, ಎಲ್ಲಿರಬಾರದು ಅಂತ ನೀರೇ ಆರಿಸಿಟ್ಟಿದೆ. ನಾನು ಆ ಗೆರೆ ಹಿಡಿದು ಹೋಗ್ತೀನಿ.

ಕ್ಯಾಮೆರಾದಲ್ಲೇ ಈ ಎಫೆಕ್ಟ್ ಇದ್ರೂ ಮುಟ್ಟಲ್ಲ, ಅದು ಉಳಿಸೋ ಜೆಪೆಗ್ ಫೋಟೋದಲ್ಲಿ ಹೋದ ಬಣ್ಣ ವಾಪಸ್ ಬರಲ್ಲ. ನಂದು ರಾ ಫೈಲ್, ಅಂದ್ರೆ ಸೆನ್ಸರ್ ಹಿಡಿದ ಮಾಹಿತಿ ಹಾಗೇ ಇರೋ ಫೈಲ್. ವೈಟ್ ಬ್ಯಾಲೆನ್ಸ್, ಅಂದ್ರೆ ಬೆಳಕಿಗೆ ತಕ್ಕ ಬಣ್ಣದ ಸೆಟ್ಟಿಂಗ್, ಡೇಲೈಟ್. ಬೆಳಕಿನ ಮಟ್ಟ ತೋರಿಸೋ ಗ್ರಾಫ್, ಹಿಸ್ಟೋಗ್ರಾಮ್‌ನಲ್ಲಿ ರೆಡ್ ಚಾನೆಲ್ ಮೇಲೇ ಕಣ್ಣು. ಬಿಸಿಲು ಬಿದ್ದ ಕೆಂಪು ಕಲ್ಲಲ್ಲಿ ಮೊದಲು ಕ್ಲಿಪ್ ಆಗೋದು, ಅಂದ್ರೆ ಮಿತಿ ಮೀರಿ ವಿವರ ಕಳ್ಕೊಳ್ಳೋದು ಅದೇ. ಹಾಗೆ ಕ್ಲಿಪ್ ಆಯ್ತು ಅಂದ್ರೆ ಪದರಗಳ ಸಣ್ಣ ಗೆರೆಗಳೆಲ್ಲ ಹೋದ ಹಾಗೇ.

ಎಡಿಟಿಂಗ್‌ನಲ್ಲಿ ನೀಲಿ, ಹಸಿರಿನ ಸ್ಯಾಚುರೇಶನ್, ಅಂದ್ರೆ ಬಣ್ಣದ ತೀವ್ರತೆ, ಪೂರ್ತಿ ಕೆಳಗೆ. ನೋಡಿ, ಗಿಡಗಳಲ್ಲಿ ಇನ್ನೂ ಬಣ್ಣ ಇದೆ. ಎಲೆಯ ಹಸಿರಲ್ಲಿ ಹಳದಿ ಜಾಸ್ತಿ ಇರುತ್ತೆ, ಹಳದಿಯನ್ನೂ ಇಳಿಸಿದೆ.

ನಿಜವಾದ ಕಷ್ಟ ನೆರಳಿನದು. ನೆರಳಲ್ಲಿರೋ ಕಲ್ಲಿಗೆ ಬೆಳಕು ಬರೋದು ನೀಲಿ ಆಕಾಶದಿಂದ, ಹಾಗಾಗಿ ಅಲ್ಲಿ ಕೆಂಪಿನ ಜೊತೆ ನೇರಳೆ ಸೇರಿರುತ್ತೆ. ನೇರಳೆಯನ್ನ ತೆಗೆದ್ರೆ ಬಂಡೆಗೆ ಬೂದಿ ಮೆತ್ತಿದ ಹಾಗೆ ಕಲೆಕಲೆ. ಅದಕ್ಕೇ ಬಂಡೆಯಷ್ಟನ್ನೇ ಬೇರೆಯಾಗಿ ಆರಿಸೋ ಒಂದು ಮಾಸ್ಕ್ ಹಾಕಿ, ಅದರೊಳಗೆ ನೇರಳೆಯನ್ನ ಹಾಗೇ ಬಿಡ್ತೀನಿ. ಇಕ್ಕಟ್ಟಾದ ಕಣಿವೆಗಳಲ್ಲಿ ಈ ತಾಪತ್ರಯ ಕಮ್ಮಿ. ಎದುರು ಗೋಡೆಗೆ ಬಡಿದು ಬರೋ ಬೆಳಕೂ ಕೆಂಪೇ ಆಗಿರುತ್ತೆ, ನೆರಳೇ ಹೊಳೆಯುತ್ತೆ ಅಲ್ಲಿ.

ಆಕಾಶಕ್ಕೆ ನೀಲಿಯ ಲ್ಯೂಮಿನೆನ್ಸ್, ಅಂದ್ರೆ ಹೊಳಪು, ಇಳಿಸಿದೆ, ಹಳೇ ಕಪ್ಪುಬಿಳುಪು ಫಿಲ್ಮ್‌ಗೆ ಕೆಂಪು ಫಿಲ್ಟರ್ ಹಾಕಿದಾಗ ಬರ್ತಿದ್ದ ಆ ಗಾಢ ಆಕಾಶ ಬಂತು. ಜಾಸ್ತಿ ಇಳಿಸಿದ್ರೆ ಬಂಡೆಯ ಅಂಚಲ್ಲಿ ಬಿಳಿ ಗೆರೆ ಏಳುತ್ತೆ, ಜೂಮ್ ಮಾಡಿ ನೋಡ್ಕೊಳ್ಳಿ.

ಇನ್ನು ಬುಡದಲ್ಲಿರೋ ಮರಳು. ಅದೂ ಬಂಡೆಯದ್ದೇ ಬಣ್ಣ, ಸ್ಲೈಡರ್‌ಗೆ ಎರಡೂ ಒಂದೇ. ಬ್ರಷ್ ಹಿಡಿದು ಅಳಿಸಬಹುದು. ಆದ್ರೆ ಅದು ಈ ಬಂಡೆಯಿಂದಲೇ ಉದುರಿದ್ದು. ಅದರ ಬಣ್ಣವನ್ನ ಅರ್ಧಕ್ಕೆ ಇಳಿಸಿ ಬಿಟ್ಟಿದ್ದೀನಿ.