ಬುಟ್ಟಿ ಒಯ್ಯಿರಿ, ಚೀಟಿ ಕೊಡಿ

ನಮಸ್ಕಾರ, ಕಾರವಾರದಿಂದ ಮಾತಾಡುತ್ತಿದ್ದೇನೆ. ಇವತ್ತು ಒಂದು ತುಂಡು ಕಾಗದಕ್ಕಾಗಿ ಜಗಳ ತೆಗೆಯೋಣ ಅಂತ ಬಂದಿದ್ದೇನೆ.

ರಸ್ತೆ, ಫುಟ್‌ಪಾತ್, ಕಡಲ ದಂಡೆ ಎಲ್ಲರದ್ದು. ಅಲ್ಲಿ ನಮ್ಮ ಸಾಮಾನು ಬಿಟ್ಟರೆ ತೆಗೆಸುತ್ತಾರೆ. ತೆಗೆಸಲಿ. ತಳ್ಳುಗಾಡಿ ಅಡ್ಡ ನಿಂತರೆ ಶಾಲೆ ಮಕ್ಕಳು ರಸ್ತೆಗಿಳಿದು ನಡೆಯಬೇಕು, ಅದೂ ಸರಿಯಲ್ಲ. ನನ್ನ ತಕರಾರು ತೆಗೆಸುವ ರೀತಿಯ ಬಗ್ಗೆ. ಯಾವ ಪೇಟೆಯಲ್ಲಾದರೂ ನೋಡಿರುತ್ತೀರಿ. ನಗರಸಭೆಯ ಗಾಡಿ ಬರುತ್ತದೆ. ತಕ್ಕಡಿ, ಕೊಡೆ, ಬುಟ್ಟಿ, ತಾಡಪತ್ರಿ ಎಲ್ಲ ಹಿಂದಕ್ಕೆ ಬೀಳುತ್ತದೆ. ಯಾವುದು ಯಾರದ್ದು, ಯಾರೂ ಬರೆದುಕೊಳ್ಳುವುದಿಲ್ಲ. "ಆಫೀಸಿಗೆ ಬನ್ನಿ" ಅಂದು ಹೊರಟುಬಿಡುತ್ತಾರೆ.

ಕಾನೂನು ಹೀಗೆ ಹೇಳುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ, ಎಬ್ಬಿಸುವ ಮೊದಲು 30 ದಿನದ ನೋಟಿಸು ಕೊಡಬೇಕು. ಆಮೇಲೂ ಏಳದಿದ್ದರೆ ಸಾಮಾನು ಜಪ್ತಿ ಮಾಡಬಹುದು. ಆದರೆ ಸೆಕ್ಷನ್ 19ರ ಪ್ರಕಾರ ಪಟ್ಟಿ ಬರೆಯಬೇಕು, ಜಪ್ತಿ ಮಾಡಿದವರು ಸಹಿ ಹಾಕಬೇಕು, ಒಂದು ಪ್ರತಿ ವ್ಯಾಪಾರಿಯ ಕೈಗೆ ಕೊಡಬೇಕು. ಶುಲ್ಕ ಕಟ್ಟಿ ಕೇಳಿದರೆ ಕೆಡದ ಸಾಮಾನನ್ನು ಎರಡು ಕೆಲಸದ ದಿನದೊಳಗೆ, ಕೆಡುವಂಥದ್ದನ್ನು ಅದೇ ದಿನ ಬಿಡಬೇಕು.

ಅದೇ ದಿನ! ಬರೆದವರು ಮೀನು ಮಾರಿದವರಲ್ಲ ಬಿಡಿ. ಮೇ ತಿಂಗಳಲ್ಲಿ ಬೆಳಿಗ್ಗೆ ಒಯ್ದ ಬಂಗುಡೆ, ತಾರ್ಲೆಯನ್ನು ಸಂಜೆ ನಾಲ್ಕಕ್ಕೆ ವಾಪಸು ಕೊಟ್ಟರೆ ಬೆಕ್ಕೂ ಮೂಸುವುದಿಲ್ಲ. ಸಾಲ ಮಾಡಿ ಹರಾಜಿನಲ್ಲಿ ಹಿಡಿದ ಮೀನು ಅದು. ಮೀನು ಮಾರುವ ಅಕ್ಕ ಆ ಸಾಲವನ್ನು ಯಾವುದರಲ್ಲಿ ತೀರಿಸಬೇಕು? ನಮ್ಮ ಕರಾವಳಿಗಾದರೂ ಬೇರೆ ಕ್ರಮ ಬೇಕು. ಬೇಕಾದರೆ ತಕ್ಕಡಿ ಒಯ್ಯಿರಿ, ಕೊಡೆ ಒಯ್ಯಿರಿ, ದಂಡ ಹಾಕಿ. ಮೀನನ್ನು ಮಾತ್ರ ಅವಳ ಹತ್ತಿರವೇ ಬಿಡಿ.

ಈಗ ಕಾರಿನ ವಿಷಯಕ್ಕೆ ಬನ್ನಿ. ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟುಹೋದ ವಾಹನವನ್ನು ಎಳೆಸಲು ಮೋಟಾರು ವಾಹನ ಕಾಯ್ದೆ ಪೊಲೀಸರಿಗೆ ಅಧಿಕಾರ ಕೊಟ್ಟಿದೆ. ಆದರೂ ಟೈರು ಮಣ್ಣಿಗಿಳಿದು, ಬಾನೆಟ್ ಮೇಲೆ ಬಳ್ಳಿ ಹಬ್ಬಿದ ಕಾರುಗಳು ಓಣಿಗಳಲ್ಲಿ ಹಾಯಾಗಿ ನಿಂತಿರುತ್ತವೆ. ಬುಟ್ಟಿ ಎತ್ತಲಿಕ್ಕೆ ಕ್ರೇನ್ ಬೇಡ, ಅದಕ್ಕೇ ಇರಬೇಕು.

ದಂಡೆಯ ಮೇಲಿನ ರಂಪಣಿ ಬಲೆ, ದೋಣಿ ನೋಡಿ "ಬೀಚಿನ ಅಂದ ಕೆಟ್ಟಿತು" ಅನ್ನುವವರೂ ಇದ್ದಾರೆ. ಅಲ್ಲಾ ಸ್ವಾಮಿ, ಚಾಪಲ್ ಅನ್ನೋ ಇಡೀ ಯುದ್ಧನೌಕೆಯನ್ನೇ ತಂದು ನಿಲ್ಲಿಸಿಕೊಂಡಿರುವ ಬೀಚು ಇದು, ದೋಣಿ ಅಡ್ಡವಾಯಿತೇ? ಬಲೆ ರಿಪೇರಿಗೆ, ಮೀನು ಒಣಗಿಸಲಿಕ್ಕೆ ದಡದಲ್ಲಿ ಜಾಗ ಬೇಕು ಅನ್ನುವುದನ್ನು ಕರಾವಳಿ ನಿಯಂತ್ರಣ ವಲಯದ ನಿಯಮವೇ ಒಪ್ಪಿದೆ.

ನನಗೆ ಜಾಸ್ತಿ ಚಿಂತೆ ಇರುವುದು ಬಸ್ ಸ್ಟ್ಯಾಂಡಿನಲ್ಲಿ ಮಲಗುವವರ ಗಂಟಿನ ಬಗ್ಗೆ. ವ್ಯಾಪಾರಿಗೆ ಕಾಯ್ದೆಯಾದರೂ ಇದೆ. ಇವರು ವ್ಯಾಪಾರಿಗಳಲ್ಲ, ಆ ಪಟ್ಟಿಯ ನಿಯಮ ಇವರಿಗೆ ಬರುವುದಿಲ್ಲ. ಗುಡಿಸುವವರ ಕಣ್ಣಿಗೆ ಅದು ಹಳೇ ಚಾದರ. ಒಳಗೆ ಆಧಾರ್ ಕಾರ್ಡ್ ಇರಬಹುದು, ಬಿಪಿ ಮಾತ್ರೆ ಇರಬಹುದು, ಮಗನ ಫೋನ್ ನಂಬರ್ ಬರೆದ ಚೀಟಿ ಇರಬಹುದು. ಕಸದ ಗಾಡಿ ಹತ್ತಿದ ಮೇಲೆ ಎಲ್ಲಿ ಹುಡುಕುತ್ತೀರಿ?

1964ರ ಪುರಸಭೆಗಳ ಕಾಯ್ದೆಯಲ್ಲಿ ಬೈಲಾ, ಅಂದರೆ ಉಪನಿಯಮ, ಮಾಡುವ ಅಧಿಕಾರ ಊರಿನ ಪುರಸಭೆ, ನಗರಸಭೆಗೇ ಇದೆ. ನಾಲ್ಕು ಸಾಲು ಸಾಕು. ಯಾರ ಸಾಮಾನೇ ಎತ್ತಿದರೂ ಫೋಟೊ ತೆಗೆಯಬೇಕು, ಪಟ್ಟಿ ಕೊಡಬೇಕು, ಎಲ್ಲಿಟ್ಟಿದ್ದಾರೆ ಅಂತ ಅಲ್ಲೇ ಗೋಡೆಗೆ ಅಂಟಿಸಬೇಕು, ಇಂತಿಷ್ಟು ದಿನ ಕಾಯದೆ ಎಸೆಯಬಾರದು. ಇದಕ್ಕೇನು ಕೋಟಿಗಟ್ಟಲೆ ಅನುದಾನ ಬೇಕಾ?

ಬೈಲಾ ಆಗುವವರೆಗೆ ನೀವು ಒಂದು ಕೆಲಸ ಮಾಡಿ. ಕಣ್ಣೆದುರು ಯಾವುದಾದರೂ ವ್ಯಾಪಾರಿಯ ಬುಟ್ಟಿ ಗಾಡಿ ಹತ್ತಿದರೆ, "ಪಟ್ಟಿ ಎಲ್ಲಿ ಸರ್, ಸೆಕ್ಷನ್ 19" ಅಂತ ಕೇಳಿ. ಕೊಡದಿದ್ದರೆ ಸಾಮಾನಿನ ಫೋಟೊ ತೆಗೆದು ಆ ಅಕ್ಕನ ಮನೆಯವರ ನಂಬರಿಗೆ ಕಳಿಸಿ. ನಾಳೆ ಆಫೀಸಿನಲ್ಲಿ ತೋರಿಸಲಿಕ್ಕೆ ಅಷ್ಟಾದರೂ ಇರುತ್ತದೆ.